‘ಐತಿ’ಯನ್ನು ತಿದ್ದಿದವರು

ನಮ್ಮ ಬಂಧುಬಳಗದಲ್ಲಿ ನನ್ನ ಪಿಎಚ್.ಡಿ.ಗೆ ‘ಹದಿನಾಲ್ಕು ಕಿಲೋಮೀಟರ್’ ಎಂಬ ಅಡ್ಡಹೆಸರು ಬಿದ್ದಿತ್ತು. ಹರಿಹರದಿಂದ ದಾವಣಗೆರೆಗೆ ಇರುವ ದೂರ ಅಷ್ಟು. ನನ್ನ ಸಂಶೋಧನೆಯ ಜಗತ್ತೂ ಅಷ್ಟೇ. ಪುಸ್ತಕದ ಕನ್ನಡದಲ್ಲಿ ‘ಇದೆ’ ಅನ್ನುವುದಕ್ಕೆ ದಾವಣಗೆರೆ ಸುತ್ತಮುತ್ತ ‘ಐತೆ’ ಅನ್ನುತ್ತಾರೆ. ಹರಿಹರದ ಹೊಳೆ ಹತ್ತಿರವಾಗುತ್ತಿದ್ದಂತೆ ಅದೇ ‘ಐತೆ’ ಹಲವರ ಬಾಯಲ್ಲಿ ‘ಐತಿ’ ಆಗುತ್ತದೆ. ಯಾವ ಊರಿನಲ್ಲಿ ಆಗುತ್ತದೆ, ಯಾರ ಬಾಯಲ್ಲಿ ಆಗುತ್ತದೆ, ಅಂಗಡಿಯಲ್ಲಿ ಒಂದು ಮನೆಯಲ್ಲಿ ಇನ್ನೊಂದು ಆಡುವವರು ಯಾರು, ಇಷ್ಟನ್ನು ಹುಡುಕಿ ಬರೆಯಲು ನನಗೆ ಐದು ವರ್ಷದ ಫೆಲೋಶಿಪ್ ಸಿಕ್ಕಿತ್ತು. ದಾವಣಗೆರೆಯ ಮಂಡಿಪೇಟೆಯಲ್ಲಿ ಕಾಳಿನ ಅಂಗಡಿ ಇಟ್ಟಿದ್ದ ನಮ್ಮ ಸೋದರಮಾವ ಗಿರಾಕಿಗಳಿಗೆ ನನ್ನನ್ನು ಪರಿಚಯಿಸುತ್ತಿದ್ದದ್ದು ಹೀಗೆ: “ನಮ್ಮ ಅಕ್ಕನ ಮಗಳು ರೀ. ಐತೆ ಅಂಬೋದು ಐತೋ ಇಲ್ಲೋ ಅಂತ ನೋಡಾಕ ಸರ್ಕಾರ ಈಕೀನ ಇಟ್ಟೈತೆ.” ಗಿರಾಕಿಗಳು ನಗುತ್ತಿದ್ದರು. ನಾನು ಮಾವನನ್ನು ದುರುಗುಟ್ಟಿ ನೋಡುತ್ತಲೇ, ಆ ಮಾತಿನಲ್ಲಿ ಎಷ್ಟು ‘ಐತೆ’ ಬಂದವೆಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ.

ಕೇಳುವವರಿಗೆ ಇದು ಸುಲಭದ ಕೆಲಸ. ಆದರೆ ಜನರನ್ನು ಎದುರಿಗೆ ಕೂರಿಸಿಕೊಂಡು “ನೀವು ಐತೆ ಅಂತೀರೋ ಐತಿ ಅಂತೀರೋ” ಎಂದು ಕೇಳಿನೋಡಿ. “ನಾವು ಇದೆ ಅಂತೀವ್ರಿ” ಎಂದೇ ಹೇಳುತ್ತಾರೆ. ಟೇಪ್ ರೆಕಾರ್ಡರ್ ಹೊರಗೆ ಬಂತೆಂದರೆ ದಾವಣಗೆರೆ ಪಕ್ಕದ ಹದಡಿಯ ಹೊಲದಲ್ಲಿ ಕಳೆ ಕೀಳುತ್ತಿದ್ದವರೂ ಗಂಟಲು ಸರಿಮಾಡಿಕೊಂಡು ರೇಡಿಯೋ ವಾರ್ತೆ ಓದುವವರಾಗಿಬಿಡುತ್ತಿದ್ದರು. ಹಾಗಾಗಿ ನಾನು ಯಂತ್ರವನ್ನು ಚೀಲದಲ್ಲೇ ಇಟ್ಟು, ಕಣದಲ್ಲಿ ಕೂತು, ನೀರು ಕೇಳಿ, ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂದು ವಿಚಾರಿಸಿ, ಮಾತು ಹಳಿಗೆ ಬಂದ ಮೇಲೆ ಕಿವಿ ನೆಟ್ಟಗೆ ಮಾಡಿ ಕೂರುತ್ತಿದ್ದೆ. ಐದು ವರ್ಷದಲ್ಲಿ ಅರವತ್ತಕ್ಕೂ ಹೆಚ್ಚು ಜನರ ಮಾತು ಕಲೆಹಾಕಿದೆ. ಪಟ್ಟಿಯಲ್ಲಿ ಮೊದಲನೆಯವಳು ನಮ್ಮವ್ವ. ಅವಳ ತವರು ಹೊಳೆಯಾಚೆ. ಅವಳ ಬಾಯಲ್ಲಿ ಎಲ್ಲವೂ ‘ಐತಿ’.

ನನಗೆ ಮಾರ್ಗದರ್ಶಕರಾಗಿದ್ದವರು ದಾವಣಗೆರೆಯ ಕನ್ನಡ ವಿಭಾಗದ ಪ್ರಾಧ್ಯಾಪಕರು, ಕರಾವಳಿ ಕಡೆಯವರು. ಎಂ.ಸಿ.ಸಿ. ಬಡಾವಣೆಯಲ್ಲಿ ಬಾಡಿಗೆ ಮನೆ, ಹಳೆಯ ಸ್ಕೂಟರ್, ಕೈಯಲ್ಲಿ ಯಾವಾಗಲೂ ಒಂದು ಕೆಂಪು ಪೆನ್ನು. ಅವರ ಊರಲ್ಲಿ ‘ಇದೆ’ಯೂ ಇಲ್ಲ, ‘ಐತೆ’ಯೂ ಇಲ್ಲ, ಇರುವುದೆಲ್ಲ ‘ಉಂಟು’. “ನಿಮ್ಮ ಮೂರನೇ ಅಧ್ಯಾಯ ಎಲ್ಲಿ ಉಂಟು?” ಎಂದು ಅವರು ಕೇಳಿದರೆ ವಿಭಾಗದಲ್ಲಿ ಯಾರೂ ನಗುತ್ತಿರಲಿಲ್ಲ. ಪ್ರೊಫೆಸರರ ಬಾಯಲ್ಲಿ ಬಂದದ್ದರಿಂದ ಅದಕ್ಕೂ ಒಂದು ಗತ್ತು ಬಂದುಬಿಟ್ಟಿತ್ತು.

ನಾನು ಹೇಳಹೊರಟ ಸಂಗತಿ ನಡೆದದ್ದು ಅವರ ನಿವೃತ್ತಿಯ ತಿಂಗಳಲ್ಲಿ, ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆಯಲ್ಲಿ. ಆ ತಿಂಗಳ ಕೊನೆಯ ದಿನದೊಳಗೆ ಅವರ ಸಹಿಯೊಂದಿಗೆ ನನ್ನ ಪ್ರಬಂಧ ವಿಶ್ವವಿದ್ಯಾಲಯದ ಕಚೇರಿ ಸೇರಬೇಕಿತ್ತು. ಸೇರದಿದ್ದರೆ ಬೇರೊಬ್ಬ ಮಾರ್ಗದರ್ಶಕರನ್ನು ಹುಡುಕಿ ಹೊಸದಾಗಿ ನೋಂದಣಿ ಮಾಡಿಸಬೇಕು. ಆಡುಮಾತಿನ ಅಧ್ಯಯನ ಮಾಡಿಸುವ ಇನ್ನೊಬ್ಬರು ನಮ್ಮಲ್ಲಿ ಇರಲಿಲ್ಲ. ಖಾಲಿಯಾಗುವ ಅವರ ಹುದ್ದೆಯನ್ನು ತುಂಬುವ ಮಾತನ್ನೂ ಯಾರೂ ಆಡುತ್ತಿರಲಿಲ್ಲ. ಫೆಲೋಶಿಪ್ಪಿನ ಅವಧಿಯೂ ಅದೇ ತಿಂಗಳು ಮುಗಿಯುತ್ತಿತ್ತು. ಅಂದರೆ ಆ ದಿನ ತಪ್ಪಿದರೆ ಐದು ವರ್ಷದ ಕೆಲಸ ಬೀರುವಿನಲ್ಲಿ ಕೂರಬೇಕು, ನಾನು ಮನೆಯಲ್ಲಿ.

ಟೈಪು ಮಾಡುವ ಜವಾಬ್ದಾರಿ ವಿಭಾಗದ ಬೆರಳಚ್ಚುಗಾರರದು. ನಲವತ್ತರ ಆಸುಪಾಸಿನ ಮನುಷ್ಯ, ಹದಡಿಯವರು, ಹಣೆಯಲ್ಲಿ ದಿನಾ ಮೂರು ಬೆರಳಿನ ವಿಭೂತಿ. ಹನ್ನೊಂದು ವರ್ಷದಿಂದ ದಿನಗೂಲಿ ನೌಕರರಾಗಿಯೇ ಇದ್ದರು. ನೇಮಕಾತಿ ಆದೇಶದ ಟೈಪು ಎಷ್ಟೋ ಜನರಿಗೆ ಮಾಡಿಕೊಟ್ಟಿದ್ದರು, ತಮ್ಮದೊಂದನ್ನು ಬಿಟ್ಟು. ವಿಭಾಗದ ಕನ್ನಡ ಟೈಪ್‌ರೈಟರ್ ಅವರಿಗೆ ಮನೆದೇವರು. ದಿನಾ ಬೆಳಗ್ಗೆ ಒರೆಸಿ, ಮುಚ್ಚಳ ತೆಗೆದು, ಒಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಂಡು ಶುರುಮಾಡುವರು. ಅವರ ಹೆಮ್ಮೆ ಒಂದೇ: ಅವರ ಕೈಯಿಂದ ಬಂದ ಪುಟದಲ್ಲಿ ತಪ್ಪು ಇರುವುದಿಲ್ಲ. ಮೇಷ್ಟ್ರುಗಳ ಕಾಗುಣಿತವನ್ನೂ ಸದ್ದಿಲ್ಲದೆ ಸರಿಮಾಡುತ್ತಿದ್ದರು. ಒತ್ತಕ್ಷರ ಬಿಟ್ಟ ಮೇಷ್ಟ್ರ ಮಾನ ಉಳಿಸಿದ್ದು ಅವರೇ ಎಂದು ಎಲ್ಲರಿಗೂ ಗೊತ್ತಿತ್ತು, ಆ ಮೇಷ್ಟ್ರೊಬ್ಬರನ್ನು ಬಿಟ್ಟು.

ಮೊದಲ ಎರಡು ಅಧ್ಯಾಯ ಬರೀ ಸಿದ್ಧಾಂತ. ಅವು ಟೈಪಾಗಿ ಬಂದಾಗ ಓದಿ ಸಂತೋಷಪಟ್ಟೆ. ಮುಂದಿನ ಮೂರು ಅಧ್ಯಾಯಗಳಲ್ಲೇ ಜನರ ಮಾತುಗಳೆಲ್ಲ ಇದ್ದದ್ದು. ಆ ಹಸ್ತಪ್ರತಿ ಕೊಟ್ಟ ಮರುದಿನವೇ ನನಗೆ ಟೈಫಾಯ್ಡ್ ಹಿಡಿಯಿತು. ಮೂರು ವಾರ ಹರಿಹರದ ಮನೆಯಲ್ಲಿ ಗಂಜಿ ಕುಡಿಯುತ್ತ ಮಲಗಿದೆ. ಎದ್ದು ಓಡಾಡುವಂತಾಗುವಷ್ಟರಲ್ಲಿ ಸರ್ ಅವರ ನಿವೃತ್ತಿಗೆ ಒಂಬತ್ತು ದಿನ ಉಳಿದಿತ್ತು.

ಬಸ್ಸಿಳಿದು ವಿಭಾಗಕ್ಕೆ ಹೋದೆ. ಅಣ್ಣಾರು (ಬೆರಳಚ್ಚುಗಾರರನ್ನು ನಾವೆಲ್ಲ ಕರೆಯುತ್ತಿದ್ದದ್ದು ಹಾಗೆ) ನ್ಯೂಸ್‌ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿದ ಕಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. ನಾಲ್ಕು ಕಾರ್ಬನ್ ಪ್ರತಿ, ಅಂಚು ಅಂಚಿಗೆ ಸರಿಯಾಗಿ.

“ಒಂದೂ ತಪ್ಪಿಲ್ಲ ಮೇಡಂ. ನಿಮ್ಮವು ಭಾಳ ಇದ್ದುವು. ಜ್ವರ ಒಳಗೊಳಗೆ ಇತ್ತೋ ಏನೋ ಪಾಪ. ಎಲ್ಲಾ ತಿದ್ದಿ ಹಾಕೀನಿ.”

ನಾನು ಅಲ್ಲೇ ನಿಂತು ಕಟ್ಟು ಬಿಚ್ಚಿದೆ. ಮೂರನೇ ಅಧ್ಯಾಯದ ಮೊದಲ ಕೋಷ್ಟಕ ಕಣ್ಣಿಗೆ ಬಿತ್ತು. ಒಂದು ಕಾಲಂ ‘ಗ್ರಂಥಸ್ಥ’, ಇನ್ನೊಂದು ‘ದಾವಣಗೆರೆ’, ಮತ್ತೊಂದು ‘ಹರಿಹರ’. ಗ್ರಂಥಸ್ಥದಲ್ಲಿ ‘ಇದೆ’. ದಾವಣಗೆರೆಯಲ್ಲಿ ‘ಇದೆ’. ಹರಿಹರದಲ್ಲಿ ‘ಇದೆ’. ಕೆಳಗಿನ ಸಾಲಿನಲ್ಲಿ ‘ಇದ್ದಾಳೆ, ಇದ್ದಾಳೆ, ಇದ್ದಾಳೆ’. ಅದರಡಿಯಲ್ಲಿ ನನ್ನ ವಾಕ್ಯ: “ಮೇಲಿನ ಕೋಷ್ಟಕದಿಂದ ಮೂರು ರೂಪಗಳ ನಡುವಿನ ವ್ಯತ್ಯಾಸ ಸ್ಪಷ್ಟವಾಗುತ್ತದೆ.”

ಪುಟ ತಿರುವಿದೆ. ಎಲ್ಲಾ ಕಡೆ ಅದೇ ಕಥೆ. ಹದಡಿಯ ಅಜ್ಜಿ, ಮಂಡಿಪೇಟೆಯ ಹಮಾಲ, ನಮ್ಮ ಸೋದರಮಾವ, ಎಲ್ಲರೂ ಪಠ್ಯಪುಸ್ತಕ ಓದುತ್ತಿದ್ದರು. ಆಮೇಲೆ ನಮ್ಮವ್ವನ ಮಾತು ಬಂತು. ಅಪ್ಪ ತೀರಿಕೊಂಡ ಮೇಲೆ ಅವರ ಅಂಗಿಯನ್ನು ಗೂಟದಿಂದ ತೆಗೆಯಲು ಬಿಡದೆ ಅವಳು ಅಂದಿದ್ದ ಮಾತದು. ನಾನು ಬರೆದುಕೊಂಡಿದ್ದದ್ದು “ಅಲ್ಲೇ ಇರ್ಲಿ ಬಿಡ, ಅಂಗಿ ಐತಿ ಅಂದ್ರ ಅವ್ರು ಅದಾರ” ಎಂದು. ಟೈಪಾಗಿದ್ದದ್ದು “ಅಲ್ಲಿಯೇ ಇರಲಿ ಬಿಡು, ಅಂಗಿ ಇದೆ ಎಂದರೆ ಅವರು ಇದ್ದಾರೆ” ಎಂದು. ವ್ಯಾಕರಣ ಚೊಕ್ಕವಾಗಿತ್ತು. ನಮ್ಮವ್ವ ಮಾತ್ರ ಅದರಲ್ಲಿ ಇರಲಿಲ್ಲ.

ನನ್ನ ಸಿಟ್ಟು ಹೇಗೆಂದರೆ ಮೊದಲು ಬಾಯಿ ಹೊರಡುತ್ತದೆ, ಬುದ್ಧಿ ನಿಧಾನಕ್ಕೆ ಹಿಂದಿನಿಂದ ಬರುತ್ತದೆ. ಅವತ್ತೂ ಹಾಗೇ ಆಯಿತು.

“ಏನ್ ಮಾಡೀರಿ ಇದು? ಯಾರ್ ಹೇಳಿದ್ರು ನಿಮಗ ತಿದ್ದಾಕ? ಇದು ನಮ್ಮವ್ವನ ಮಾತು ರೀ! ನಮ್ಮವ್ವ ಹಿಂಗ ಮಾತಾಡಂಗಿಲ್ಲ! ಐದು ವರ್ಷ ಹಾಳಾತು ನಂದು, ಹಾಳಾತು!”

ವರಾಂಡದಲ್ಲಿದ್ದ ವಿದ್ಯಾರ್ಥಿಗಳು ಬಾಗಿಲಿಗೆ ಬಂದು ನಿಂತರು. ಅಣ್ಣಾರು ಬೆಪ್ಪಾಗಿ ನನ್ನ ಮುಖವನ್ನೇ ನೋಡುತ್ತಿದ್ದರು. ಕೂಗಿದ್ದಕ್ಕೆ ಅವರಿಗೆ ನೋವಾಗಿದೆ ಎಂದುಕೊಂಡೆ. ಆದರೆ ಅವರ ಮುಖದಲ್ಲಿದ್ದದ್ದು ಬೇರೆ.

“ನೀವು ಹಿಂಗ ಮಾತಾಡ್ತೀರೇನ್ರಿ ಮೇಡಂ?” ಎಂದರು.

ನಾನು ಕಟ್ಟನ್ನು ಮೇಜಿನ ಮೇಲಿಟ್ಟೆ.

“ಐದು ವರ್ಷದಾಗ ಒಂದಿನ ಕೇಳಿಲ್ಲ ನಾನು. ನಿಮ್ಮ ಬಾಯಾಗ ಯಾವಾಗ್ಲೂ ಇದೆ, ಇದ್ದಾರೆ, ಬರುತ್ತೇನೆ. ನೀವು ಹರಿಹರದೋರು ಅಂತ ಗೊತ್ತಿತ್ತು, ಆದ್ರೆ ಮನ್ಯಾಗೂ ಹಿಂಗೇ ಪುಸ್ತಕದಂಗೆ ಮಾತಾಡ್ತಾರೆ ಅನ್ಕಂಡಿದ್ದೆ. ನಿಮ್ಮ ಬಾಯಾಗ ಬರದ ಮಾತು ಪೇಪರ್ ಮ್ಯಾಲೆ ಐತೆ ಅಂದ್ರೆ ಅವಸರದಾಗ ತಪ್ಪಿ ಬರ್ದಾರೆ ಅಂತ ತಿಳ್ಕಂಡೆ.”

“ಪ್ರಬಂಧದ ಹೆಸರು ನೀವೇ ಟೈಪ್ ಮಾಡಿದ್ದಲ್ಲವೇ?” ಎಂದೆ. ನೋಡಿ, ಸಿಟ್ಟು ಇಳಿಯುತ್ತಿದ್ದಂತೆ ಬಾಯಿ ಮತ್ತೆ ಪುಸ್ತಕಕ್ಕೆ ತಿರುಗಿತ್ತು.

“ಮಾಡೀನ್ರಿ. ‘ಅಸ್ತಿತ್ವವಾಚಕ ಕ್ರಿಯೆಯ ರೂಪಭೇದಗಳು’. ಅದು ಐತೆ ಅಂಬೋದರ ಬಗ್ಗೆ ಅಂತ ಯಾವ ದೇವ್ರಿಗೆ ಗೊತ್ತಾಗ್ಬೇಕ್ರಿ?”

ಬಾಗಿಲಲ್ಲಿದ್ದ ಹುಡುಗರು ಕಿಸಕ್ಕನೆ ನಕ್ಕರು. ನನಗೂ ನಗು ಬಂತು, ಅದರ ಜೊತೆಗೇ ಅಳು. ಕಟ್ಟಿನ ಮೇಲೆ ಮುಖ ಇಟ್ಟು ಅತ್ತುಬಿಟ್ಟೆ. ಅಣ್ಣಾರು ಹುಡುಗರನ್ನು ಗದರಿ ಕಳಿಸಿ, ನನಗೆ ಹೂಜಿಯಿಂದ ನೀರು ತಂದುಕೊಟ್ಟು, ಸ್ಟೂಲಿನ ಮೇಲೆ ಕೂತು ತಮ್ಮ ಕಥೆ ಹೇಳಿದರು.

“ಬ್ಯಾರೆ ಊರಾಗ ಒಂದ್ ಕಚೇರ್ಯಾಗ ಪರ್ಮನೆಂಟ್ ಪೋಸ್ಟಿಗೆ ಕರ್ದಿದ್ರು. ಟೈಪಿಂಗ್ ಪರೀಕ್ಷ್ಯಾಗ ನಾನೇ ಫಸ್ಟ್. ಆಮ್ಯಾಲೆ ಒಳಗ ಕರ್ದು ನಿಮ್ಮ ಊರು ಎಲ್ಲಿದೆ ಅಂದ್ರು. ಹದಡಿ ರೀ, ದಾವಣಗೇರಿ ಹತ್ರ ಐತ್ರಿ ಅಂದೆ. ಒಬ್ರು ಇನ್ನೊಬ್ರ ಕಡೆ ನೋಡಿ ‘ಐತ್ರಿ’ ಅಂದು ನಕ್ರು. ಅಷ್ಟೇ. ಬ್ಯಾರೆ ಏನೂ ಕೇಳ್ಲಿಲ್ಲ. ಕೆಲಸ ಯಾಕ ಸಿಗ್ಲಿಲ್ಲೋ ನನಗ ಗೊತ್ತಿಲ್ಲ, ಬ್ಯಾರೆ ಕಾರಣಾನೂ ಇದ್ದೀತು. ಆದ್ರೆ ಆ ನಗು ನಂಗೆ ಗೊತ್ತೈತೆ. ನಾಳೆ ಪರೀಕ್ಷಕರು ನಿಮ್ಮನ್ನ ನೋಡಿ ಹಂಗ ನಗಬಾರ್ದು ಅಂತ ತಿದ್ದಿದೆ ಮೇಡಂ. ಒಂದೊಂದು ಐತೆ ಸಿಕ್ಕಾಗ್ಲೂ, ಇಲ್ಲಿ ಒಂದ್ ಉಳ್ಸಿದೆ ಅನ್ಕಂತಿದ್ದೆ.”

ಅವರನ್ನು ಬೈದ ನನ್ನ ನಾಲಿಗೆಯನ್ನು ಕಿತ್ತಿಡಬೇಕು ಅನ್ನಿಸಿತು. ಐದು ವರ್ಷ ಚೀಲ ಹೊತ್ತು ಊರೂರು ತಿರುಗಿ ಜನರ ಮಾತು ಹುಡುಕಿದವಳು ನಾನು. ಒಂದು ಗೋಡೆಯಾಚೆ ಕೂತಿದ್ದ ಹದಡಿಯ ಮನುಷ್ಯನನ್ನು ಒಂದು ದಿನ ಮಾತಾಡಿಸಿರಲಿಲ್ಲ. ಟೈಪ್ ಆಯಿತೇ, ಕಾರ್ಬನ್ ಇದೆಯೇ, ಇಷ್ಟೇ ನಮ್ಮ ಮಾತು.

ವಿಷಯ ತಿಳಿದು ಸರ್ ನಗಲಿಲ್ಲ, ಬೈಯಲೂ ಇಲ್ಲ. ಕೆಂಪು ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಕ್ಯಾಲೆಂಡರ್ ನೋಡಿ, “ಒಂಬತ್ತು ದಿನ ಉಂಟು” ಎಂದರು. “ನೂರ ಎಂಬತ್ತು ಪುಟ. ಕಟ್ಟಿಂಗ್ ಬೈಂಡಿಂಗಿಗೆ ಎರಡು ದಿನ ಬಿಡಿ. ಇವತ್ತೇ ಶುರು ಮಾಡಿ ಮಾರಾಯ್ತಿ, ಅಳುವುದಕ್ಕೆ ಆಮೇಲೆ ಸಮಯ ಉಂಟು.” ತಮ್ಮ ನಿವೃತ್ತಿಯ ಕಾಗದಗಳ ಟೈಪನ್ನು ಪಕ್ಕದ ವಿಭಾಗಕ್ಕೆ ಕಳಿಸಿ ಅಣ್ಣಾರಿಗೆ ಬೇರೆ ಕೆಲಸವಿಲ್ಲದ ಹಾಗೆ ಮಾಡಿದರು.

ಮೊದಲ ಪುಟದಲ್ಲೇ ತೊಂದರೆ ಎದುರಾಯಿತು. ಹಸ್ತಪ್ರತಿ ನೋಡಿ ಹೊಡೆಯುತ್ತಿದ್ದ ಅಣ್ಣಾರ ಬೆರಳು ತಾನಾಗೇ ‘ಇದೆ’ಗೆ ಹೋಗುತ್ತಿತ್ತು. ಮೂರು ಹಾಳೆ ಹರಿದು ಬುಟ್ಟಿಗೆ ಎಸೆದರು. ನಾಲ್ಕನೆಯದನ್ನು ರೋಲರಿಗೆ ಏರಿಸಿ ಹಸ್ತಪ್ರತಿಯನ್ನು ನನ್ನ ಕೈಗೇ ಕೊಟ್ಟರು.

“ನೀವು ಓದ್ರಿ, ನಾನು ಕೇಳಿ ಹೊಡಿತೀನಿ. ನನ್ನ ಕಣ್ಣು ತಿದ್ದತೈತೆ. ಕಿವಿ ತಿದ್ದಂಗಿಲ್ಲ.”

ಓದತೊಡಗಿದೆ. ಸಾಲಾಗಿ, ಸಪ್ಪೆಯಾಗಿ, ತರಗತಿಯಲ್ಲಿ ಉಕ್ತಲೇಖನ ಹೇಳುವ ಹಾಗೆ. ಅವರು ಕೀಲಿಯ ಮೇಲೆ ಬೆರಳಿಟ್ಟು ಕೂತೇ ಇದ್ದರು.

“ಹಂಗಲ್ರಿ. ಆಯಮ್ಮ ಹೆಂಗ ಅಂದ್ಲೋ ಹಂಗೇ ಅನ್ರಿ. ಇಲ್ಲದಿದ್ರೆ ನನ್ ಕಿವೀನೂ ನಂಬಂಗಿಲ್ಲ.”

ಆ ಕೋಣೆಯಲ್ಲಿ, ಬಾಗಿಲು ತೆರೆದೇ ಇದ್ದಾಗ, ಹುಡುಗರು ಓಡಾಡುತ್ತಿದ್ದಾಗ ಬಾಯಿ ಬಿಟ್ಟು “ಯವ್ವಾ, ಬಾವ್ಯಾಗ ನೀರು ಐತೋ ಇಲ್ಲೋ ನೋಡು” ಎನ್ನುವುದು ಎಷ್ಟು ಕಷ್ಟವೆಂದು ಅವತ್ತು ಗೊತ್ತಾಯಿತು. ನಾಚಿಕೆಯಿಂದ ಬೆವರಿದೆ. ಒಂದು ಪುಟ ದಾಟಿದ ಮೇಲೆ ಏನಾಯಿತೋ, ಗಂಟಲು ಸಡಿಲವಾಯಿತು. ಹದಡಿಯ ಅಜ್ಜಿಯ ಎಳೆತ ಬಂತು, ಹಮಾಲನ ಗಡಸು ಬಂತು, ಸೋದರಮಾವನ ಕೊಂಕು ಬಂತು. ಅಣ್ಣಾರ ಬೆರಳು ಮಳೆ ಹೊಡೆದ ಹಾಗೆ ಓಡಿತು. ನಡುನಡುವೆ ನಿಲ್ಲಿಸಿ ನನ್ನನ್ನೇ ತಿದ್ದುವರು. “ಹದಡ್ಯಾಗ ಹಿಂಗ ಅನ್ನಂಗಿಲ್ರಿ, ನೀವು ತಪ್ಪು ಕೇಳಿಸ್ಕಂಡೀರಿ.” ಕ್ಯಾಸೆಟ್ ಹಾಕಿ ನೋಡಿದರೆ ಅವರು ಹೇಳಿದ್ದೇ ಸರಿ. ನಮ್ಮವ್ವನ ‘ಐತಿ’ ಬಂದಾಗ ಮಾತ್ರ ಅವರ ಕಿವಿಯೂ ಕೈಕೊಟ್ಟಿತು. ‘ಐತೆ’ ಎಂದು ಹೊಡೆದರು. ಹಾಳೆ ಹರಿದು, “ಇದೊಂದು ನಿಮ್ಮ ಹೊಳಿ ಕಡೆ ಮಾತು, ಬಾಯಾಗ ನಿಲ್ಲಂಗಿಲ್ಲ” ಎಂದು ಗೊಣಗಿದರು. ಮೂರನೇ ದಿನಕ್ಕೆ ‘ಮೇಡಂ’ ಹೋಗಿ ‘ತಂಗ್ಯವ್ವ’ ಬಂದಿತ್ತು. ಯಾವ ಪುಟದಲ್ಲಿ ಬದಲಾಯಿತೋ ನನಗೆ ತಿಳಿಯಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ, ನನ್ನ ಡಬ್ಬಿಯ ರೊಟ್ಟಿ, ಅವರ ಡಬ್ಬಿಯ ಚಿತ್ರಾನ್ನ ಹಂಚಿಕೊಂಡು ತಿನ್ನುತ್ತಿದ್ದಾಗ ಅವರು ಕೇಳಿದರು:

“ಅಲ್ಲ ತಂಗ್ಯವ್ವ, ಇಷ್ಟೆಲ್ಲ ಅಮ್ಮಾರ ಮಾತು ಐತೆ ಇದ್ರಾಗ. ಅಮ್ಮಾರು ಮಾತ್ರ ಒಂದಿನಾನೂ ಈ ಕಡೆ ಬಂದಿಲ್ಲಲ್ಲ?”

“ಅವ್ವಗ ಬಸ್ ಆಗಂಗಿಲ್ಲ” ಎಂದೆ.

ಅದು ಸುಳ್ಳು. ನಮ್ಮವ್ವ ಬಸ್ಸಿನಲ್ಲಿ ಎಲ್ಲಿಗೆ ಬೇಕಾದರೂ ಹೋಗಿಬರುವ ಹೆಂಗಸು. ನಿಜ ಇದು: ನನಗೆ ಫೆಲೋಶಿಪ್ ಬಂದ ಹೊಸದರಲ್ಲಿ ವಿಭಾಗದವರು ಒಂದು ಚಹಾಕೂಟ ಇಟ್ಟು ಮನೆಯವರನ್ನೂ ಕರೆತರಲು ಹೇಳಿದ್ದರು. ಅವ್ವ ಹಿಂದಿನ ದಿನವೇ ತಲೆಗೆ ಎರೆದುಕೊಂಡು, ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಇಟ್ಟಿದ್ದಳು. ಬೆಳಗ್ಗೆ ನಾನು “ಬಿಸಿಲು ಭಾಳ ಐತಿ, ಅಲ್ಲಿ ನಿನಗೇನು ಕೆಲಸ” ಎಂದೆ. ಅವಳು ಒಮ್ಮೆ ನನ್ನನ್ನು ನೋಡಿ, “ಹೌದು ಬಿಡು, ಮನ್ಯಾಗ ಕೆಲಸ ಐತಿ” ಎಂದು ಸೀರೆಯನ್ನು ಮಡಚಿ ಒಳಗಿಟ್ಟಳು. ವಿಭಾಗದಲ್ಲಿ ತಾಯಿಗೆ ಹುಷಾರಿಲ್ಲ ಎಂದು ಹೇಳಿದೆ. ಅಷ್ಟು ಜನ ಮೇಷ್ಟ್ರ ಎದುರು ಅವಳು ‘ಐತಿ’ ಅಂದರೆ ಎಂಬ ಭಯ ನನಗೆ. ಆ ‘ಐತಿ’ಯನ್ನು ಅಭ್ಯಾಸ ಮಾಡುವುದಕ್ಕೇ ಅವರು ನನಗೆ ಚಹಾ ಕೊಡುತ್ತಿದ್ದರು!

ಇದನ್ನು ಅಣ್ಣಾರಿಗೆ ಹೇಳಿದೆ. ಯಾಕೆ ಹೇಳಿದೆನೋ ಗೊತ್ತಿಲ್ಲ, ಹೇಳದೆ ರೊಟ್ಟಿ ಇಳಿಯುತ್ತಿರಲಿಲ್ಲ. ಅವರು ಚಿತ್ರಾನ್ನದಲ್ಲಿದ್ದ ಮೆಣಸಿನಕಾಯಿ ಆರಿಸುತ್ತ ಕೂತರು. “ಹಂಗಾದ್ರೆ ನಾವಿಬ್ರೂ ಒಂದೇ ಕೆಲಸ ಮಾಡೀವಿ ಬಿಡು” ಎಂದಷ್ಟೇ ಹೇಳಿ ಡಬ್ಬಿ ತೊಳೆಯಲು ಎದ್ದರು.

ಏಳನೇ ದಿನ ಟೈಪು ಮುಗಿಯಿತು. ಅನುಬಂಧದ ಮಾಹಿತಿದಾರರ ಪಟ್ಟಿಯಲ್ಲಿ ಒಂದು ಹೆಸರು ಹೆಚ್ಚಾಯಿತು. ಅದನ್ನು ಅವರೇ ಟೈಪು ಮಾಡಿ, ಊರು ಹದಡಿ, ಉದ್ಯೋಗ ಬೆರಳಚ್ಚುಗಾರ ಎಂದು ಹಾಕಿ, ‘ದಿನಗೂಲಿ’ ಎಂಬ ಶಬ್ದವನ್ನು ಬಿಟ್ಟರು. ಈ ಬಾರಿ ನಾನು ತಿದ್ದಲಿಲ್ಲ. ಬೈಂಡಾಗಿ ಬಂದ ಪ್ರತಿಗೆ ಸರ್ ತಮ್ಮ ಸೇವೆಯ ಕೊನೆಯ ಬೆಳಗ್ಗೆ ಸಹಿ ಮಾಡಿದರು. ನಾನು ಬಸ್ಸು ಹತ್ತಿ ವಿಶ್ವವಿದ್ಯಾಲಯದ ಕಚೇರಿಗೆ ಹೋಗಿ, ಗುಮಾಸ್ತರು ಬೀಗ ಹುಡುಕುತ್ತಿದ್ದ ಹೊತ್ತಿಗೆ ಪ್ರಬಂಧವನ್ನು ಮೇಜಿನ ಮೇಲಿಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ಏಳೆಂಟು ತಿಂಗಳ ನಂತರ ಮೌಖಿಕ ಪರೀಕ್ಷೆಗೆ ದಿನ ಗೊತ್ತಾಯಿತು. ಅದು ಬಹಿರಂಗ ಪರೀಕ್ಷೆ. ಯಾರು ಬೇಕಾದರೂ ಬಂದು ಕೂರಬಹುದು. ಒಂದು ವಾರ ಮೊದಲು ಅವ್ವನಿಗೆ “ನೀ ಬರಬೇಕು” ಎಂದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು.

“ನಾ ಯಾಕ? ದೊಡ್ಡ ದೊಡ್ಡೋರು ಬರ್ತಾರ. ನಾ ಏನರ ಅಂದ್ರ ನಿನಗ ನಾಚಿಕಿ ಆಗ್ತೈತಿ.”

ಆಕ್ಷೇಪದ ಧ್ವನಿ ಒಂದಿಷ್ಟೂ ಇರಲಿಲ್ಲ. ಬಿಸಿಲು ಜಾಸ್ತಿ ಅಂದ ದಿನವೇ ಅವಳಿಗೆ ಎಲ್ಲಾ ಗೊತ್ತಾಗಿತ್ತು. ಇಷ್ಟು ವರ್ಷ ಅದನ್ನು ಇಟ್ಟುಕೊಂಡೇ ನನಗೆ ಡಬ್ಬಿ ಕಟ್ಟಿದ್ದಳು, ನನ್ನ ಚೀಟಿಗಳಿಗೆ ಮಾತು ಕೊಟ್ಟಿದ್ದಳು. ಅವಳ ಮುಂದೆ ನೆಲದ ಮೇಲೆ ಕೂತು “ತಪ್ಪಾತವ್ವ” ಎಂದೆ. ಅವಳು ಸಿಪ್ಪೆಯ ಕೈಯಲ್ಲೇ ನನ್ನ ಕೂದಲು ಸರಿಮಾಡಿದಳು.

“ಅಲ್ಲಿ ನಾ ಬಾಯಿ ತಗೀಬೌದೇನು?”

“ಮನ್ಯಾಗ ಹೆಂಗ ಮಾತಾಡ್ತಿ ಹಂಗ ಮಾತಾಡು. ಅವರೆಲ್ಲ ನಿನ್ನ ಮಾತ ಓದಿಕೊಂಡೇ ಬರ್ತಾರ.”

ಅವತ್ತು ಅವ್ವ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಳು. ಒಂದು ಪಕ್ಕ ಅಣ್ಣಾರು, ಇನ್ನೊಂದು ಪಕ್ಕ ಊರಿಂದ ಬಂದಿದ್ದ ನಿವೃತ್ತ ಸರ್. ಪರೀಕ್ಷಕರು ಬೇರೆ ವಿಶ್ವವಿದ್ಯಾಲಯದ ಹಿರಿಯರು, ಜೀವಮಾನವನ್ನೆಲ್ಲ ಆಡುಮಾತಿಗೆ ಕೊಟ್ಟವರು. ಪ್ರಶ್ನೆಗಳು ಮುಗಿದು, ಪದವಿಗೆ ಶಿಫಾರಸು ಮಾಡಿರುವುದಾಗಿ ಘೋಷಿಸಿ, ಚಪ್ಪಾಳೆ ನಿಂತ ಮೇಲೆ ಅವರು ಎದ್ದು ನೇರ ಅವ್ವನ ಬಳಿ ಬಂದು ಕೈಮುಗಿದರು.

“ನಿಮ್ಮ ಮಾತನ್ನು ಎಷ್ಟೋ ಪುಟಗಳಲ್ಲಿ ಓದಿದ್ದೇನೆ ತಾಯಿ. ಒಮ್ಮೆ ನಿಮ್ಮ ಬಾಯಲ್ಲೇ ಕೇಳುವ ಆಸೆ. ನಿಮ್ಮ ಮನೆ ಎಲ್ಲಿ?”

ಇಡೀ ಕೋಣೆ ಕಿವಿಯಾಗಿ ಕೂತಿತು. ಅವ್ವ ಎದ್ದು ನಿಂತು, ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು. ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ಉಚ್ಚರಿಸಿ ಹೇಳಿದಳು:

“ನಮ್ಮ ಮನೆ ಹರಿಹರದಲ್ಲಿ ಇದೆ. ಹೊಳೆಯ ಹತ್ತಿರವೇ ಇದೆ.”

ಪರೀಕ್ಷಕರು ತಲೆಬಾಗಿ ಇನ್ನೊಮ್ಮೆ ಕೈಮುಗಿದರು. ಅಣ್ಣಾರು ಕರವಸ್ತ್ರ ತೆಗೆದು ಕನ್ನಡಕ ಒರೆಸತೊಡಗಿದರು. ನಾನು ಹೋಗಿ ಅವ್ವನ ಪಕ್ಕದಲ್ಲಿ ಕೂತೆ. ಅವಳ ಅಂಗೈ ಬೆವರಿತ್ತು. ಬಾಗಿ, ಇತರರಿಗೆ ಕೇಳದ ಹಾಗೆ ನನ್ನ ಕಿವಿಯಲ್ಲಿ ಕೇಳಿದಳು:

“ಸರಿ ಅಂದೆನಿಲ್ಲೋ? ನೀ ಫೋನ್‌ನಾಗ ನಿಮ್ಮ ಸರ್ ಕೂಡ ಮಾತಾಡೂದು ಕೇಳಿ ಕೇಳಿ ಕಲ್ತೀನಿ. ನಿನ್ನ ಮರ್ಯಾದಿ ಹೋಗಬಾರ್ದು ನೋಡು.”

ಅವಳ ಕೈ ಹಿಡಿದುಕೊಂಡೆ. ಸರಿ ಅಂದಿ ಅವ್ವ, ಭಾಳ ಸರಿ ಅಂದಿ ಎಂದೆ.